ಹೂಂ ಅನ್ನುವ ತನಕ

ಜೂನ್ 4, ಬೆಳಿಗ್ಗೆ

ಬಿಸಿನೀರು, ಚಿಟಿಕೆ ಉಪ್ಪು, ಗಳಗಳ. ಇವರು ಬಚ್ಚಲ ಬಾಗಿಲು ಬಡಿದು, "ಒಳಗೆ ಮೋಟಾರ್ ಕೆಟ್ಟಿದ್ಯಾ?" ಅಂದರು. ಬಾಯಿ ತುಂಬ ನೀರು, ಉತ್ತರ ಕೊಡಲಾಗಲಿಲ್ಲ. ದಿನದ ಮೊದಲ ಜಗಳ ಹೀಗೆ ತಪ್ಪಿಹೋಯಿತು.

ಇವತ್ತಿನಿಂದ ಹೊಸ ಪುಸ್ತಕ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಕಾದಂಬರಿಗಳನ್ನು ಗಟ್ಟಿಯಾಗಿ ಓದುವುದು, ಅದಕ್ಕೆ ಸಂಬಳ. ಇಷ್ಟು ವರ್ಷವಾದರೂ ಇದನ್ನು ಉದ್ಯೋಗ ಅನ್ನಲು ನಗು ಬರುತ್ತದೆ. ಜನ ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾರೆ. ಈ ಸಲದ್ದು ಭಾರಿ ಓಡಿದ ಪುಸ್ತಕ. ನಾಲ್ಕು ಭಾಗ. ಮುಖಪುಟದ ಮೇಲೆ ಕಪ್ಪು ಕೈಗವಸು, ಅದರ ಬೆರಳಿಗೆ ಸುತ್ತಿದ ರೇಷ್ಮೆ ಹಗ್ಗ.

ನಾದಿನಿಗೆ ಹೇಳಿದ್ದೇ ತಪ್ಪಾಯಿತು. ಫೋನಿನಲ್ಲೇ ಕುಣಿದಳು. "ಅತ್ತಿಗೇ! ಅದನ್ನ ನೀವು ಓದ್ತಿದ್ದೀರಾ? ಅಯ್ಯೋ, ಇನ್ನು ನನ್ನ ಹೀರೋ ನಿಮ್ಮ ದನೀಲಿ ಮಾತಾಡ್ತಾನಾ? ನಾನೆಲ್ಲಿಗೆ ಹೋಗಿ ಸಾಯ್ಲಿ!"

ಜೂನ್ 4, ಸಂಜೆ

ಸ್ಟುಡಿಯೋ ಕೋಣೆಯ ಗೋಡೆಗೆಲ್ಲ ಸದ್ದು ಹೀರುವ ಹೊಸ ಫೆಲ್ಟ್ ಬಟ್ಟೆ ಬಡಿದಿದ್ದಾರೆ. ಹತ್ತಿಯ ಮೂಟೆಯೊಳಗೆ ಕೂತ ಹಾಗೆ. ಮಾತಾಡಿದರೆ ಮಾತು ಎಲ್ಲಿಗೂ ತಾಗಿ ಹಿಂದಕ್ಕೆ ಬರುವುದಿಲ್ಲ, ತೇಲಿಕೊಂಡು ಹೋಗಿಬಿಡುತ್ತದೆ. ಗಾಜಿನ ಆಚೆ ಸೌಂಡಿನವನು. ನಾನು ಇಟ್ಟ ಹೆಸರು 'ಕಿವಿ'. ಇಬ್ಬರು ಮಕ್ಕಳ ತಂದೆ, ಮನೆಯಲ್ಲಿ ಗಲಾಟೆ, ಇಲ್ಲಿ ಮಾತ್ರ ನೆಮ್ಮದಿ ಅನ್ನುತ್ತಾನೆ.

ಕಥೆ ಇಷ್ಟು. ಒಂದಾನೊಂದು ಬಂದರು. ಅಲ್ಲಿ ಹಡಗುಗಳ ಒಡೆಯ, ಎತ್ತರ, ಮೌನಿ, ಕಣ್ಣಿನಲ್ಲಿ ಯಾವಾಗಲೂ ಮಂಜು. ಗಡಿಯಾರ ರಿಪೇರಿ ಮಾಡುವ ಹುಡುಗಿ ಅವನ ಗೋಡೆ ಗಡಿಯಾರ ಸರಿಮಾಡಲು ಹೋಗುತ್ತಾಳೆ. ಮೂರನೇ ಅಧ್ಯಾಯಕ್ಕೆ ಅವಳ ಕೈ ಕಟ್ಟಲಾಗಿದೆ. ನಡುವೆ ಯಾರೂ ಯಾರನ್ನೂ ಏನೂ ಕೇಳಿಲ್ಲ. ಅವನಿಗೆ ಎಲ್ಲ ಮೊದಲೇ ಗೊತ್ತು. ಅವಳ ಉಸಿರಿನ ಸದ್ದಿನಿಂದಲೇ ಗೊತ್ತಂತೆ! ನಮ್ಮ ಅಜ್ಜಿಯ ಕಥೆಯ ರಾಕ್ಷಸ ಕೂಡ ಹೀಗೇ. ಗಾಳಿ ಮೂಸಿ ನರಮನುಷ್ಯರು ಬಂದದ್ದು ತಿಳಿಯುತ್ತಿದ್ದ. ಆದರೆ ಅಜ್ಜಿ ಅವನನ್ನು ರಾಕ್ಷಸ ಅಂತಲೇ ಕರೆಯುತ್ತಿದ್ದಳು.

ಓದಲು ಮಾತ್ರ ಸೊಗಸು. ಸುಳ್ಳು ಹೇಳಬಾರದು. ವಾಕ್ಯಗಳು ನೀರಿನಲ್ಲಿ ಬಿಟ್ಟ ಸೀರೆಯ ಹಾಗೆ ಹರಡಿಕೊಳ್ಳುತ್ತವೆ. ಸಂಜೆ ಹೊರಗೆ ಬಂದಾಗ ರಸ್ತೆಯೇ ಕೊಂಚ ತೇಲುತ್ತಿತ್ತು.

ಜೂನ್ 8, ಭಾನುವಾರ, ಸಂಜೆ

ಪುಸ್ತಕದಲ್ಲಿ ಯಾರಿಗೂ ಜೋಮು ಹಿಡಿಯುವುದಿಲ್ಲ. ಮೂಗು ತುರಿಸುವುದಿಲ್ಲ. ಇವತ್ತು ಮಧ್ಯಾಹ್ನ ಇವರಿಗೆ ಎರಡೂ ಆಯಿತು.

ನಮ್ಮದು ರೇಷ್ಮೆ ಹಗ್ಗ ಅಲ್ಲ, ನವಾರ. ಇವರು ಹಳೆ ಕುರ್ಚಿ, ಸೋಫಾಗಳಿಗೆ ಹೊಸ ಬಟ್ಟೆ, ಹೊಸ ಸ್ಪ್ರಿಂಗು ಹಾಕಿಕೊಡುವವರು. ಅಂಗಡಿಯಲ್ಲಿ ಉಳಿದ ಅಗಲದ ಹತ್ತಿಪಟ್ಟಿಗಳನ್ನು ಒಗೆದು, ಮಡಚಿ, ಬೀರುವಿನ ಮೇಲಿಟ್ಟಿದ್ದೇವೆ. ಕೆಲವು ಭಾನುವಾರ ಮಧ್ಯಾಹ್ನ ಪರದೆ ಎಳೆದು... ಕಟ್ಟುವವಳು ನಾನು. ಕಟ್ಟಿಸಿಕೊಳ್ಳುವವರು ಇವರು. ದಿನವಿಡೀ ಊರಿನ ಗಿರಾಕಿಗಳೊಂದಿಗೆ ಗುದ್ದಾಡಿ, ಅಳತೆ, ಬಣ್ಣ, ರೇಟು ಅಂತ ತಲೆ ಓಡಿಸುವ ಮನುಷ್ಯ, ಕೈ ಕಟ್ಟಿದ ತಕ್ಷಣ ಮಗುವಿನ ಹಾಗೆ ಸಡಿಲವಾಗುತ್ತಾರೆ. ಮುಖದ ಗೆರೆಗಳೆಲ್ಲ ಒಂದೊಂದೇ ಬಿಚ್ಚಿಕೊಳ್ಳುತ್ತವೆ. ಅದನ್ನು ನೋಡುವುದೇ ನನ್ನ ಪಾಲಿನ ಸುಖ. ಬೇರೆಯವರಿಗೆ ಹೇಳಿದರೆ ಇಷ್ಟೇನಾ ಅಂದಾರು.

"ಬಿಗಿ ಆಯ್ತಾ ರೀ?"

"ಕೈ ಕಟ್ಟಿಹಾಕಿ 'ರೀ' ಅಂತೀಯಲ್ಲೇ, ನಗು ಬರುತ್ತೆ."

"ಮತ್ತೇನಂತ ಕರೀಲಿ? ಇಷ್ಟು ವರ್ಷದ ಅಭ್ಯಾಸ."

"ಮೂಗು ತುರಿಸ್ತಿದೆ ಕಣೇ. ಅದಕ್ಕೇನಾದ್ರೂ ಮಾಡು ಮೊದಲು."

ತುರಿಸಿದೆ. ಇಬ್ಬರೂ ನಕ್ಕೆವು. ನಗುತ್ತಲೇ ಮತ್ತೆ ನಿಧಾನವಾಗಿ ಸದ್ದು ಇಳಿಯಿತು, ಪರದೆಯ ಬೆಳಕು ಇವರ ಎದೆಯ ಮೇಲೆ ಹಳದಿ ನೀರಿನ ಹಾಗೆ ನಿಂತಿತು. ಕತ್ತರಿ ಪಕ್ಕದಲ್ಲಿ, ನೀರಿನ ಲೋಟ ಪಕ್ಕದಲ್ಲಿ. ಸಾಕು ಅನ್ನಿಸಿದರೆ ಹೇಳಲು ಒಂದು ಪದ ಇದೆ. 'ಛತ್ರಿ'. ಇವರೇ ಆರಿಸಿದ್ದು. ಆ ಹೊತ್ತಿನಲ್ಲಿ ಯಾರ ಬಾಯಲ್ಲೂ ಸುಮ್ಮನೆ ಬರುವ ಪದ ಅಲ್ಲವಲ್ಲ. ಇದುವರೆಗೆ ಒಮ್ಮೆಯೂ ಬೇಕಾಗಿಲ್ಲ. ಒಂದೇ ತೊಂದರೆ ಎಂದರೆ ಮಳೆ ಬಂದ ದಿನ ಅಂಗಡಿಗೆ ಹೊರಟವರಿಗೆ ಅದನ್ನು ಕೊಡುವಾಗ ಇಬ್ಬರಿಗೂ ಮುಖ ಕೆಂಪಾಗುತ್ತದೆ.

ಆಮೇಲೆ ಹೊದಿಕೆ, ಚಹಾ, ಮಣಿಕಟ್ಟಿಗೆ ಎಣ್ಣೆ. ನನಗೆ ಇದೇ ಹೆಚ್ಚು ಇಷ್ಟ ಅನ್ನಿಸುತ್ತದೆ ಒಮ್ಮೊಮ್ಮೆ. ಹಡಗಿನ ಒಡೆಯ ಚಹಾ ಮಾಡುವುದಿಲ್ಲ. ಕಿಟಕಿಯ ಬಳಿ ನಿಂತು ಸಮುದ್ರ ನೋಡುತ್ತಾನೆ.

ಜೂನ್ 10

ಪ್ರಕಾಶನದ ಮೇಡಂ ಬಂದಿದ್ದರು. ನನ್ನ ಓದು ಕೇಳಿದರು. ಹಣೆ ಗಂಟಿಕ್ಕಿತು.

"ಚೆನ್ನಾಗಿದೆ, ಆದ್ರೆ... ಅವಳು 'ಬೇಡ' ಅಂತಾಳಲ್ಲ, ಅದು ತುಂಬಾ ಬೇಡ ಅನ್ನೋ ಹಾಗೇ ಇದೆ."

"ಬೇಡ ಅನ್ನೋದನ್ನ ಇನ್ನು ಹೇಗನ್ನೋದು ಮೇಡಂ?"

"ಬೇಕು ಅನ್ನೋ ಹಾಗೆ. ಸ್ವಲ್ಪ ಉಸಿರು ಸೇರಿಸಿ. ಕೇಳೋರಿಗೆ ಗೊತ್ತಾಗ್ಬೇಕು, ಅವಳಿಗೆ ಒಳಗೊಳಗೇ ಇಷ್ಟ ಅಂತ."

ಉಸಿರು ಸೇರಿಸಿದೆ. "ಇನ್ನೂ ಕರಗಬೇಕು." ಕರಗಿಸಿದೆ. ಮಧ್ಯಾಹ್ನದವರೆಗೂ ಒಂದೇ ಪದ. ಬೇಡ, ಬೇಡ, ಬೇಡ... ಕಡೆಗೆ ಬೆಣ್ಣೆಯ ಹಾಗೆ ಬಂತು. ಮೇಡಂ ಕಣ್ಣು ಮುಚ್ಚಿ, "ಹಾಂ, ಇದು!" ಅಂದರು. ನನಗೂ ಒಂಥರಾ ಹೆಮ್ಮೆ. ಕಸುಬು ಕೈಗೆ ಹತ್ತಿದಾಗ ಆಗುವ ಹೆಮ್ಮೆ. ಏನು ಕಲಿತೆ ಅನ್ನುವುದು ಆಮೇಲೆ ತಾನೇ ಹೊಳೆಯುವುದು.

ಜೂನ್ 12

ನಾದಿನಿ ಮನೆಗೆ ಬಂದಿದ್ದಳು. ಇಬ್ಬರೂ ಬಟ್ಟೆ ಮಡಚುತ್ತಾ ಕೂತೆವು. ಪುಸ್ತಕದ ಮೇಲೆ ನನ್ನ ತಕರಾರು ಹೇಳಿದೆ, ಅವನು ಕೇಳುವುದೇ ಇಲ್ಲವಲ್ಲ ಅಂತ.

"ಅತ್ತಿಗೆ, ಕಥೇಲಿ ಪ್ರತಿಯೊಂದಕ್ಕೂ ಕೇಳ್ತಾ ಕೂತ್ರೆ ಓದೋರು ಯಾರು? ಅದೇನು ಬ್ಯಾಂಕ್ ಅರ್ಜಿನಾ?"

"ಕೇಳೋದ್ರಲ್ಲೂ ಒಂದು ರುಚಿ ಇರುತ್ತಲ್ವಾ?"

"ನಿಮಗೆ ಹೇಗೆ ಗೊತ್ತು?" ಅಂತ ಕಣ್ಣು ಕಿರಿದು ಮಾಡಿದಳು. ನಾನು ದಿಂಬಿನ ಚೀಲ ಕೊಡವಿದೆ. ಅಣ್ಣನ ವಿಷಯ ತಂಗಿಗೆ ಹೇಳುವುದುಂಟೇ!

ಆಮೇಲೆ ಅವಳೇ ಮೆಲ್ಲಗೆ ಅಂದಳು, "ನಿಜ ಹೇಳ್ಲಾ? ಬೆಳಗಾಗೆದ್ರೆ ಏನು ಅಡುಗೆ, ಯಾವ ಬಟ್ಟೆ, ಮಕ್ಕಳ ಫೀಸು, ಅತ್ತೆ ಔಷಧಿ, ಎಲ್ಲಾ ನಾನೇ ಯೋಚನೆ ಮಾಡ್ಬೇಕು. ಒಂದು ಗಂಟೆ, ಒಂದೇ ಗಂಟೆ, ಬೇರೆ ಯಾರಾದ್ರೂ ನನ್ನ ಬದಲು ಎಲ್ಲ ತೀರ್ಮಾನ ಮಾಡಿಬಿಡ್ಲಿ ಅನ್ಸುತ್ತೆ. ಅದಕ್ಕೇ ಓದ್ತೀನಿ. ಅವನು ಸಿಕ್ಕಿದ್ರೆ ಮದುವೆಯಾಗ್ತೀನಿ ಅಂತ ಅಲ್ಲ, ಮಾರಾಯ್ತಿ!"

ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಇವರು ಭಾನುವಾರಗಳಲ್ಲಿ ಬಯಸುವುದೂ ಅದನ್ನೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ತಂಗಿ. ಇಬ್ಬರಿಗೂ ಗೊತ್ತಿಲ್ಲ.

ಜೂನ್ 13

ಬಾಯಿ ತುಂಬ ಹಡಗಿನ ಒಡೆಯ. ಬೆಳಿಗ್ಗೆ ಅಂಗಡಿಯವನ ಹತ್ತಿರ ಅದೇ ದನಿಯಲ್ಲಿ ಬ್ರೆಡ್ ಕೇಳಿದಾಗ ಅವನು ಬೆದರಿ ಎರಡು ಕೊಟ್ಟ. ಇವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ದನೀಲಿ ನನ್ನ ಹತ್ರಾನೂ ಒಂದ್ಸಲ ಮಾತಾಡು ನೋಡೋಣ," ಅಂದರು.

ಜೂನ್ 15, ಭಾನುವಾರ

ಬರೆಯಲು ಆಗುತ್ತಿಲ್ಲ.

ಜೂನ್ 18, ಬೆಳಿಗ್ಗೆ

ಬರೆಯದಿದ್ದರೆ ಹೋಗುವುದೂ ಇಲ್ಲ.

ಭಾನುವಾರ ಮಧ್ಯಾಹ್ನ. ಪರದೆ, ನವಾರ, ಅದೇ ಹಳದಿ ಬೆಳಕು. ಇವರೇ ಕೇಳಿದ್ದರು, ಆ ದನಿ ಅಂತ. ಶುರು ಮಾಡಿದೆ. ಪುಸ್ತಕದ ಮಾತುಗಳೇ ಬಂದವು, ಗಂಡು ಹೆಣ್ಣು ಅದಲು ಬದಲು ಮಾಡಿ. ಮೊದಲು ಇವರು ನಕ್ಕರು. ಆಮೇಲೆ ನಗು ನಿಂತಿತು. ನಾನು ತೇಲುತ್ತಿದ್ದೆ. ಕೋಣೆ ಫೆಲ್ಟಿನ ಕೋಣೆಯಾಗಿತ್ತು, ನನ್ನ ದನಿ ಎಲ್ಲಿಗೂ ತಾಗುತ್ತಿರಲಿಲ್ಲ.

ಇವರು "ಛತ್ರಿ" ಅಂದರು.

ಕೇಳಿಸಿತು. ಕೇಳಿಸಲಿಲ್ಲ ಅಂತ ಸುಳ್ಳು ಬರೆಯುವುದಿಲ್ಲ. ಆದರೆ ನಾನು ವಾಕ್ಯದ ನಡುವೆ ಇದ್ದೆ.

ಸ್ಟುಡಿಯೋದಲ್ಲಿ ಮೊದಲ ದಿನದಿಂದ ಕಲಿಸಿರುವುದು ಒಂದೇ. ಎಡವಿದರೂ, ಕೆಮ್ಮು ಬಂದರೂ, ಹೊರಗೆ ಗುಡುಗಿದರೂ, ವಾಕ್ಯ ಮುಗಿಸಿ ಆಮೇಲೆ ನಿಲ್ಲಬೇಕು. ಅರ್ಧಕ್ಕೆ ನಿಂತರೆ ಕತ್ತರಿಸಿ ಜೋಡಿಸಲು ಬರುವುದಿಲ್ಲ. ಇಷ್ಟು ವರ್ಷದಲ್ಲಿ ಅದು ನಾಲಿಗೆಯ ಎಲುಬಾಗಿಬಿಟ್ಟಿದೆ. ಮುಗಿಸಿದೆ. ಮುಗಿಸಿದ ವಾಕ್ಯ ಯಾವುದು ಅಂದರೆ, "ನಾನು ಬಿಡುವ ತನಕ ನಿನ್ನ ಮಾತಿಗೆ ಬೆಲೆಯಿಲ್ಲ."

ಅದರ ಕೊನೆಗೆ ಒಂದು ಉಸಿರಿನ ವಿರಾಮ ಕೂಡ ಕೊಟ್ಟೆ. ಚೆನ್ನಾಗಿ ಬಂತು ಅನ್ನಿಸಿತು. ಆಮೇಲೆ ಇವರ ಮುಖ ನೋಡಿದೆ.

ಕತ್ತರಿ ತಗೊಂಡು ಕತ್ತರಿಸಿದೆ. ಹೊದಿಕೆ ಹೊದಿಸಲು ಹೋದರೆ ಬೇಡ ಅಂದರು. ಆ ಬೇಡದಲ್ಲಿ ಉಸಿರು ಇರಲಿಲ್ಲ, ಕರಗಿದ್ದೂ ಇರಲಿಲ್ಲ.

"ಒಂದು ವಾಕ್ಯ ಅಷ್ಟೇ ರೀ... ಬಾಯಿ ತಪ್ಪಿ..."

"ಒಂದೇ ವಾಕ್ಯ. ನಂಗೊತ್ತು. ಅದು ಮುಗಿಯೋ ತನಕ ನೀನು ಅಲ್ಲಿರ್ಲಿಲ್ಲ. ಬೇರೆ ಯಾರೋ ಇದ್ರು. ಕೈ ಕಟ್ಟಿತ್ತು ನಂದು."

ಅಂಗಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಅಂದರು, "'ನೀನು' ಅಂದೆ ನನ್ನ. ಮೊದಲ ಸಲ. ಅದಕ್ಕೆ ಬೇಜಾರಿಲ್ಲ."

ಅಂದಿನಿಂದ ಅಂಗಡಿಯಲ್ಲೇ ಮಲಗುತ್ತಿದ್ದಾರೆ. ಯಾವುದೋ ಗಿರಾಕಿಯ ಸೋಫಾದ ಮೇಲೆ.

ಜೂನ್ 19

ಬೆಳಿಗ್ಗೆ ಬಟ್ಟೆ ಬದಲಿಸಲು ಬಂದರು. ಚಹಾ ಕುಡಿದರು. ಮಾತಾಡಿದ್ದೆಲ್ಲ ಗ್ಯಾಸ್ ಸಿಲಿಂಡರಿನ ವಿಷಯ. ಹೊರಡುವಾಗ ಮಳೆ. ಗೂಟದ ಮೇಲೆ ಅದು ತೂಗುತ್ತಿತ್ತು. ಇವರೂ ನೋಡಿದರು, ನಾನೂ ನೋಡಿದೆ. ಹೆಸರು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ನೆನೆದುಕೊಂಡೇ ಹೋದರು.

ಜೂನ್ 21

ಕನಸು. ಸೋಫಾಗಳೆಲ್ಲ ಹಡಗುಗಳಾಗಿ ತೇಲುತ್ತಿವೆ. ಒಂದರ ಮೇಲೆ ಇವರು ಮಲಗಿದ್ದಾರೆ, ಕೈ ನೀರಿಗೆ ಇಳಿಬಿಟ್ಟು. ದಡದಲ್ಲಿ ನಿಂತು ನಾನು ಕೂಗುತ್ತಿದ್ದೇನೆ. ಕೂಗು ಮುಗಿಯದೆ ನನಗೆ ನೀರಿಗಿಳಿಯಲು ಅಪ್ಪಣೆ ಇಲ್ಲ. ಕೂಗು ಮಾತ್ರ ಮುಗಿಯುವುದೇ ಇಲ್ಲ, ಉದ್ದ ವಾಕ್ಯ. ಎದ್ದಾಗ ದಿಂಬು ಒದ್ದೆ.

ಜೂನ್ 23, ಸಂಜೆ

ಇವತ್ತು ಮೂರನೇ ಭಾಗ. ಒಡೆಯ ಯಾಕೆ ಹೀಗೆ ಅನ್ನುವುದು ಬಯಲಾಯಿತು. ಚಿಕ್ಕಂದಿನಲ್ಲಿ ಯಾರೋ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ನಾಲ್ಕನೇ ಭಾಗದಲ್ಲಿ ಹುಡುಗಿಯ ಪ್ರೀತಿಯಿಂದ ವಾಸಿಯಾಗಿ, ಹಗ್ಗಗಳನ್ನೆಲ್ಲ ಸಮುದ್ರಕ್ಕೆ ಎಸೆಯುತ್ತಾನಂತೆ. ಜ್ವರ ಬಿಟ್ಟ ಹಾಗೆ! ನಮ್ಮವರನ್ನು ಯಾರೂ ಕೂಡಿಹಾಕಿರಲಿಲ್ಲ. ಏಳು ಮಕ್ಕಳ ಮನೆಯಲ್ಲಿ ನಗುನಗುತ್ತಾ ಬೆಳೆದವರು. ಇದು ಇವರಿಗೆ ಬಂದ ರೋಗವೂ ಅಲ್ಲ, ನನಗೆ ಹಿಡಿದ ಗಾಳಿಯೂ ಅಲ್ಲ. ಒಬ್ಬರಿಗೆ ಈಜು ಇಷ್ಟ, ಒಬ್ಬರಿಗೆ ಮರ ಹತ್ತುವುದು ಇಷ್ಟ, ಹಾಗೆ.

ಆಮೇಲೆ ಆ ಪುಟ ಬಂತು. ಅವಳು ಬೇಡ ಅನ್ನುತ್ತಾಳೆ. ಅವನು ಕೇಳಿಯೂ ನಿಲ್ಲುವುದಿಲ್ಲ. ಮುಂದಿನ ಸಾಲಿನಲ್ಲಿ ಅವಳು ಕರಗುತ್ತಾಳೆ.

ಅರ್ಧ ವಾಕ್ಯಕ್ಕೆ ಬಂದೆ. ನಿಂತೆ. ನಾಲಿಗೆ ಹೊರಳಲಿಲ್ಲ.

ಹೆಡ್‌ಫೋನಿನಲ್ಲಿ ಸೌಂಡಿನವನು, ನಮ್ಮ ಕಿವಿ, "ಅಕ್ಕ, ಮುಗಿಸಿಬಿಡಿ, ಆಮೇಲೆ ನೀರು ಕುಡಿಯೋರಂತೆ."

ಗಾಜಿನ ಆಚೆ ಅವನ ಬಾಯಿ ಆಡುತ್ತಿತ್ತು. ಥಟ್ಟನೆ ಅಜ್ಜಿ ನೆನಪಾದಳು. ಅಜ್ಜಿ ಕಥೆ ಹೇಳುವಾಗ ನಾವು ಪ್ರತಿ ಮಾತಿಗೂ 'ಹೂಂ' ಅನ್ನಬೇಕಿತ್ತು. ಅನ್ನದಿದ್ದರೆ ಕಥೆ ಮುಂದೆ ಹೋಗುತ್ತಿರಲಿಲ್ಲ. ರಾಜಕುಮಾರ ಕುದುರೆ ಹತ್ತಲು ಕಾಲೆತ್ತಿದ್ದರೆ ಎತ್ತಿದ ಕಾಲಲ್ಲೇ ನಿಲ್ಲುತ್ತಿದ್ದ. "ಹೂಂ ಇಲ್ದೆ ಹೇಳಿದ್ರೆ ಅದು ಕಥೆ ಅಲ್ಲ ಕಣಮ್ಮ, ಬಡಬಡಿಕೆ," ಅನ್ನುತ್ತಿದ್ದಳು. ನಿದ್ದೆ ಹತ್ತಿತೋ, ಹೆದರಿಕೆಯಾಯಿತೋ, ಹೂಂ ತೆಳ್ಳಗಾದದ್ದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಆ ಅಜ್ಜಿಯ ಮೊಮ್ಮಗಳು ನಾನು, ಹೂಂ ಅನ್ನುವವರೇ ಇಲ್ಲದ ಪೆಟ್ಟಿಗೆಯೊಳಗೆ ಕೂತು ವರ್ಷಗಟ್ಟಲೆ ಕಥೆ ಹೇಳಿದ್ದೇನೆ. ಅಭ್ಯಾಸ ಕೆಟ್ಟದ್ದು ಅಲ್ಲಿ.

ಮೇಡಂಗೆ ಫೋನ್ ಮಾಡಿದೆ. "ಈ ಪುಟದ 'ಬೇಡ'ವನ್ನ ಬೇಡ ಅಂತಲೇ ಓದ್ತೀನಿ. ಹಿಂದಿನದನ್ನೂ ಮತ್ತೆ ಓದಿಕೊಡ್ತೀನಿ, ದುಡ್ಡು ಬೇಡ."

"ಹಾಗೆ ಓದಿದ್ರೆ ಅವನು ವಿಲನ್ ಆಗ್ಬಿಡ್ತಾನಲ್ರೀ!"

"ನಾನೇನ್ ಮಾಡ್ಲಿ ಮೇಡಂ, ಅವನು ಮಾಡಿದ್ದನ್ನ ತಾನೇ ಓದ್ತಿರೋದು."

ಉಳಿದದ್ದಕ್ಕೆ ಬೇರೆ ದನಿ ನೋಡುತ್ತೇವೆ ಅಂದರು. ಒಳ್ಳೆಯ ಹೆಂಗಸು, ಬೇಸರದಿಂದಲೇ ಅಂದರು. ಕಿವಿ ಬಾಗಿಲ ತನಕ ಬಂದ. "ಅಕ್ಕ, ನನ್ನ ಹೆಂಡ್ತಿ ಕಾಯ್ತಿದ್ಳು ಅದಕ್ಕೆ. ಈಗ ಬೇರೆಯವರ ದನಿ ಕೇಳಿ ನನ್ನ ಬೈತಾಳೆ," ಅಂದ.

ಜೂನ್ 26, ಮಧ್ಯಾಹ್ನ

ಅಂಗಡಿಗೆ ಹೋದೆ. ಇವರು ಆರಾಮಕುರ್ಚಿಯೊಂದನ್ನು ಬೋರಲು ಹಾಕಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಪಟ್ಟಿ ಎಳೆಯುತ್ತಿದ್ದರು. ನೋಡಿ ಮೊಳೆ ಉಗುಳಿದರು. ಕೂರು ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಸ್ಪಂಜಿನ ರಾಶಿಯ ಮೇಲೆ ಕೂತೆ. ನಿಧಾನವಾಗಿ ಮುಳುಗಿದೆ.

ಕ್ಷಮೆ ಕೇಳಿದೆ. ಪುಸ್ತಕ ಬಿಟ್ಟದ್ದು ಹೇಳಿದೆ. ವಾಕ್ಯದ ಅಭ್ಯಾಸ ಹೇಳಿದೆ, ಅದನ್ನು ನೆಪ ಮಾಡುತ್ತಿಲ್ಲ ಅಂತಲೂ.

"ಪುಸ್ತಕ ಬಿಡು ಅಂದಿರ್ಲಿಲ್ಲ ನಾನು."

"ಗೊತ್ತು. ನಂಗೇ ಓದಕ್ಕಾಗ್ಲಿಲ್ಲ."

"ನನಗೇನು ಭಯ ಗೊತ್ತಾ? ನಿನ್ನ ಮೇಲೆ ಕೋಪ ಇಲ್ಲ ಕಣೇ. ಇನ್ನು ಮುಂದೆ ಕಣ್ಣು ಮುಚ್ಚಿದ್ರೆ... ಯಾರಿದ್ದಾರೆ ಅಂತ ಒಂದು ಕಣ್ಣು ತೆಗೆದೇ ಇಟ್ಟಿರ್ತೀನಿ. ಹಾಗೆ ಮಲಗೋದಾದ್ರೆ ಯಾಕೆ ಮಲಗ್ಬೇಕು?"

ಸ್ಪಂಜಿನ ಚೂರು ಕಿತ್ತುಕೊಂಡು ಕೂತಿದ್ದೆ. ಆಮೇಲೆ ಅಜ್ಜಿಯ ಹೂಂ ಬಗ್ಗೆ ಹೇಳಿದೆ. ಇವರು ಸುತ್ತಿಗೆ ಕೆಳಗಿಟ್ಟರು.

"ಒಂದು ಕಥೆ ಹೇಳು ಹಂಗಾದ್ರೆ. ನಾನು ಹೂಂ ಅಂತೀನಿ."

"ಇಲ್ಲೇ?"

"ಕೈ ಬಿಡುವಾಗಿದೆ ನಂದು. ಕಟ್ಟಿಲ್ಲ," ಅಂದರು. ತುಟಿಯ ಮೂಲೆಯಲ್ಲಿ ಚೂರು ನಗು ಇತ್ತೇನೋ.

ಬಾವಿಯ ಒಳಗೊಂದು ಊರಿದ್ದ ಕಥೆ ಶುರು ಮಾಡಿದೆ. ಹೂಂ. ನೀರು ಸೇದಲು ಬಂದವಳಿಗೆ ಬಾವಿಯಲ್ಲಿ ಮೆಟ್ಟಿಲು ಸಿಕ್ಕಿತು. ಹೂಂ. ಇಳಿದಳು, ಇಳಿದಳು, ನೀರು ಮೈಗೆ ತಾಗಿತು, ಒದ್ದೆಯಾಗಲಿಲ್ಲ. ಹೂಂ. ಕೆಳಗೆ ಒಂದು ಬೀದಿ, ಬೀದಿಯ ತುಂಬ ಗಾಳಿಯಲ್ಲಿ ನಿಂತ

ಹೂಂ ಬರಲಿಲ್ಲ.

ನಿಂತೆ. ಗಾಳಿಯಲ್ಲಿ ಏನು ನಿಂತಿತ್ತು ಅನ್ನುವುದು ನಾಲಿಗೆಯ ತುದಿಯಲ್ಲಿ ಉರಿಯಿತು. ನುಂಗಿದೆ. ಎಷ್ಟು ಕಷ್ಟ ಅದು! ಮೈಯೆಲ್ಲ ಮುಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಓಡುವವಳ ಹಾಗೆ. ಇವರು ನೋಡುತ್ತಲೇ ಇದ್ದರು. ಹೊರಗೆ ಗಾಡಿಗಳು ಹೋದವು. ಧೂಳು ಬಿಸಿಲಿನಲ್ಲಿ ಮೇಲೇಳುತ್ತಿತ್ತು, ನಾವೇ ಆ ಬಾವಿಯ ತಳದಲ್ಲಿ ಇದ್ದ ಹಾಗೆ.

"ಹೂಂ," ಅಂದರು ಬಹಳ ಹೊತ್ತಿನ ಮೇಲೆ.

ಮುಂದುವರಿಸಿದೆ. ಮತ್ತೆ ನಿಲ್ಲಿಸಿದರು, ಈ ಸಲ ಪದದ ನಡುವೆಯೇ. ಮತ್ತೆ ನಿಂತೆ. ಹೀಗೇ ಸಂಜೆಯಾಗುವ ಹೊತ್ತಿಗೆ ಬಾವಿಯ ಹೆಂಗಸು ಇನ್ನೂ ಆ ಬೀದಿಯಲ್ಲೇ ಇದ್ದಳು. ಇವರಿಗೆ ಖುಷಿಯೋ ಖುಷಿ. "ಪಾಪ, ಅವಳ ಕಾಲು ನೋಯ್ತಿರುತ್ತೆ, ಕೂರಿಸಾದ್ರೂ ಕೂರಿಸು," ಅಂದರು.

ಗಿರಾಕಿಯ ಸೋಫಾ ನಾಳೆ ಕೊಡಬೇಕಂತೆ. "ಮಲಗಕ್ಕೆ ಜಾಗ ಇಲ್ಲ," ಅಂದರು, ನನ್ನ ಮುಖ ನೋಡದೆ.

ಜೂನ್ 29, ಭಾನುವಾರ, ಮಧ್ಯಾಹ್ನ

ಊಟ ಆಯಿತು. ಮನೆಯಲ್ಲಿದ್ದಾರೆ. ನಿನ್ನೆ ನಾದಿನಿ ಫೋನಿನಲ್ಲಿ ಬೈದಳು, ಪುಸ್ತಕ ಅರ್ಧಕ್ಕೆ ಬಿಟ್ಟಿದ್ದಕ್ಕೆ. ಮತ್ತೆ ಅವಳೇ, "ನಿಜ ಹೇಳ್ಲಾ ಅತ್ತಿಗೆ, ಅವನು ಬರೀ ಆಜ್ಞೆ ಮಾಡ್ತಾನೆ, ಒಂದು ದಿನಾನೂ ಅವಳಿಗೆ ಊಟ ಆಯ್ತಾ ಅಂತ ಕೇಳಿಲ್ಲ, ನಾನೂ ಗಮನಿಸಿದೆ," ಅಂದಳು.

ಬೀರುವಿನ ಮೇಲಿನ ನವಾರದ ಕಟ್ಟು ಹಾಗೇ ಇದೆ. ನಾನು ಎತ್ತಿಲ್ಲ, ಇವರು ಕೇಳಿಲ್ಲ. ಕೇಳದೆಯೇ ಹೋಗಬಹುದು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಪರದೆ ಮಾತ್ರ ಎಳೆದಿದ್ದಾರೆ. ಬಿಸಿಲಿಗೆ ಇರಬಹುದು. ಕೋಣೆಯೆಲ್ಲ ಹಳದಿ, ಮೇಜು, ಲೋಟ, ನನ್ನ ಕೈ ಎಲ್ಲ ತುಸು ತೇಲುತ್ತಿರುವ ಹಾಗೆ. ಬೆಳಿಗ್ಗೆ ಚಹಾ ಕೊಡುವಾಗ ಇವರು ಎರಡೂ ಕಣ್ಣು ಮುಚ್ಚಿಯೇ ಇದ್ದರು, ನನ್ನ ಹೆಜ್ಜೆ ಕೇಳಿಯೂ ತೆಗೆಯಲಿಲ್ಲ. ಅದನ್ನು ನೋಡಿ ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ. ಚಹಾ ಆರಿಹೋಯಿತು. ಬಿಸಿ ಮಾಡಿ ತಂದಾಗ

ಕೋಣೆಯಿಂದ ಕೂಗುತ್ತಿದ್ದಾರೆ. "ಬರ್ದಿದ್ದು ಸಾಕು, ಬಾರೇ."

ಇದೊಂದು ಸಾಲು ಮುಗಿ